ಗಾಂಧಿ ಬಜಾರಲ್ಲಿ ಸ್ಕಾಟ್ಲೆಂಡ್ ಎಲೆಕ್ಷನ್ ಕ್ಲಾಸು, 400 ರೂಪಾಯಿ: ನನ್ನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ 4 ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅನ್ನೋದು ಕೆಳಗೆ ಬರುತ್ತೆ. ಹೋದ ಭಾನುವಾರ ಸಂಜೆ ಗಾಂಧಿ ಬಜಾರ್ ಹತ್ರ ಒಂದು ಸ್ಟೇಷನರಿ ಅಂಗಡಿ ಮೇಲಿನ ಮಹಡೀಲಿ, ಸ್ಕಾಟ್ಲೆಂಡ್ ಪಾರ್ಲಿಮೆಂಟ್ ಎಲೆಕ್ಷನ್ನು ಮತ್ತೆ ಅಲ್ಲಿನ ಸ್ವಾತಂತ್ರ್ಯದ ಚರ್ಚೆ ಬಗ್ಗೆ ಮೂರು ಗಂಟೆ ಕ್ಲಾಸ್ ಇತ್ತು, ಪೂರ್ತಿ ಕನ್ನಡದಲ್ಲಿ. ಜಾಗದ ಹೆಸರು ಹಾಕ್ತಿಲ್ಲ, ಯಾಕಂದ್ರೆ ಒಂದೆರಡು ದೂರೂ ಹೇಳೋದಿದೆ, ಚಿಕ್ಕ ಜಾಗ, ನಡೆಸ್ತಿರೋರು ಕಷ್ಟಪಟ್ಟು ನಡೆಸ್ತಿದಾರೆ, ಅವ್ರಿಗೆ ತೊಂದ್ರೆ ಆಗೋದು ಬೇಡ. ಆ ಕಡೆ ಓಡಾಡೋರಿಗೆ ಯಾವ್ದು ಅಂತ ಗೊತ್ತಾಗೇ ಆಗುತ್ತೆ.

ಬಸವನಗುಡಿಯಲ್ಲಿ ಕೂತು ಸ್ಕಾಟ್ಲೆಂಡ್ ಎಲೆಕ್ಷನ್ ಯಾರಿಗೆ ಬೇಕು ಅಂತ ಮನೇಲೂ ಕೇಳಿದ್ರು. ನನಗೆ ಬೇಕಿತ್ತು. ನನ್ನ ತಮ್ಮ 2011ರಲ್ಲಿ ಎಡಿನ್‌ಬರಕ್ಕೆ ಹೋದೋನು ಅಲ್ಲೇ ಇದಾನೆ, ಹೋದಾಗ ಮಗಳಿಗೆ ಒಂದೂವರೆ ವರ್ಷ. 2014 ಸೆಪ್ಟೆಂಬರ್ 18ಕ್ಕೆ ಅಲ್ಲಿ ರೆಫರೆಂಡಂ ಆಯ್ತಲ್ಲ, ಸ್ಕಾಟ್ಲೆಂಡ್ ಬ್ರಿಟನ್ ಬಿಟ್ಟು ಬೇರೆ ದೇಶ ಆಗ್ಬೇಕಾ ಬೇಡ್ವಾ ಅಂತ, ಅವತ್ತು ಅವ್ನೂ ಓಟು ಹಾಕಿದ್ದ. ಕಾಮನ್‌ವೆಲ್ತ್ ದೇಶದೋರು ವೀಸಾ ಸರಿಯಾಗಿದ್ದು ಅಲ್ಲಿ ವಾಸ ಇದ್ರೆ ಓಟು ಹಾಕ್ಬಹುದು, ಹಾಗಾಗಿ ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡೇ ಹಾಕಿದ. ಮಾರನೇ ದಿನ ಬೆಳಗ್ಗೆ ಫೋನ್ ಮಾಡಿದಾಗ ಅವ್ನ ದನಿ ಬಿದ್ದೋಗಿತ್ತು. ಆಫೀಸಲ್ಲಿ ಏನಾದ್ರೂ ಆಯ್ತೇನೋ ಅಂತ ಅಪ್ಪ ಗಾಬರಿಯಾಗಿ ಕೇಳಿದ್ರು, "ಇಲ್ಲಪ್ಪ, ನಾವು ಸೋತ್ವಿ" ಅಂದ. ನಾವು ಅಂದ! ಹೋಗಿ ಮೂರು ವರ್ಷ ಆಗಿತ್ತಷ್ಟೇ. ಅಪ್ಪಂಗೆ ಕೋಪ ಬಂತು, ನಿನ್ನದಲ್ದ ಊರಿನ ಜಗಳ ನಿನಗ್ಯಾಕೋ ಅಂತ ರೇಗಿದ್ರು. ಅವ್ನ ಹೆಂಡ್ತಿ ಬೇಡ ಅಂತ ಓಟು ಹಾಕಿದ್ಲಂತೆ, ಅದು ನಮಗೆ ಆಮೇಲೆ ಗೊತ್ತಾಯ್ತು. ಒಂದೇ ಮನೇಲಿ ಒಂದು ಹೌದು ಒಂದು ಬೇಡ. ಆವತ್ತು ನನಗೆ ಏನೂ ಅರ್ಥ ಆಗಿರ್ಲಿಲ್ಲ.

ಈಗ ಆ ಮಗೂಗೆ 16 ತುಂಬಿದೆ. ಅಲ್ಲಿ ಸ್ಕಾಟಿಷ್ ಪಾರ್ಲಿಮೆಂಟ್ ಎಲೆಕ್ಷನ್ನಿಗೆ 16ಕ್ಕೇ ಓಟು. ಬರೋ ಮೇ 7ಕ್ಕೆ, 2026ರ ಎಲೆಕ್ಷನ್ನಲ್ಲಿ, ನಮ್ಮ ಮನೆ ಹುಡುಗಿ ಜೀವನದ ಮೊದಲ ಓಟು ಹಾಕ್ತಾಳೆ. ಸಂಕ್ರಾಂತಿ ದಿನ ವಿಡಿಯೋ ಕಾಲಲ್ಲಿ ಕೇಳಿದ್ಲು, "ಅತ್ತೆ, ನಂಗೆ ಎರಡು ಓಟಿದೆ, ಎರಡ್ನೇದನ್ನ ಏನ್ಮಾಡ್ಲಿ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಎರಡು ಓಟು ಅಂದ್ರೇನು ಅನ್ನೋದೇ ಗೊತ್ತಿರ್ಲಿಲ್ಲ. ಅದಾಗಿ ಒಂದು ವಾರಕ್ಕೆ ವಾಟ್ಸಾಪ್ ಗ್ರೂಪಲ್ಲಿ ಈ ಕ್ಲಾಸಿನ ಪೋಸ್ಟರ್ ಬಂತು, ಫಾರಂ ತುಂಬಿ 400 ರೂಪಾಯಿ ಯುಪಿಐ ಮಾಡ್ಬಿಟ್ಟೆ.

ಜಾಗದ ಬಗ್ಗೆ ಬೇಗ ಹೇಳ್ಬಿಡ್ತೀನಿ. ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ನಲ್ಲಿ ಇಳಿದು ನಡ್ಕೊಂಡು ಹೋಗ್ಬಹುದು, ಗಾಡಿ ತಗೊಂಡು ಹೋಗ್ಬೇಡಿ, ಭಾನುವಾರ ಸಂಜೆ ಗಾಂಧಿ ಬಜಾರಲ್ಲಿ ಸ್ಕೂಟರ್ ನಿಲ್ಸೋಕೂ ಜಾಗ ಇರಲ್ಲ. ಮೆಟ್ಟಿಲು ಕಡಿದು, ಲಿಫ್ಟ್ ಇಲ್ಲ. ಮೇಲೆ ಹತ್ತಿದ್ರೆ ಮಾತ್ರ ಜಾಗ ಚೆನ್ನಾಗಿದೆ, ಎರಡು ಕಡೆ ಕಿಟಕಿ, ಗೋಡೆ ತುಂಬ ಪುಸ್ತಕ, ಉದ್ದದ ಎರಡು ಟೇಬಲ್ಲು. ನಾವು 19 ಜನ ಇದ್ವಿ. ಕಾಲೇಜ್ ಹುಡುಗ್ರು ಏಳೆಂಟು, ಮಿಕ್ಕೋರೆಲ್ಲ ನನ್ನಂಥೋರು, ಅಲ್ಲಿ ಮಕ್ಕಳೋ ತಮ್ಮನೋ ಇರೋರು. ಪಾಠ ಮಾಡಿದ್ದು ಪೊಲಿಟಿಕಲ್ ಸೈನ್ಸ್ ಕಲಿಸಿ ರಿಟೈರ್ ಆಗಿರೋ ಒಬ್ರು ಮೇಡಂ. ಕ್ಲಾಸಿನ ಜೀವ ಅಂದ್ರೆ ಅವ್ರೇ.

ಶುರು ಸರಿ ಆಗ್ಲಿಲ್ಲ. ಪ್ರೊಜೆಕ್ಟರ್ ಲ್ಯಾಪ್‌ಟಾಪಿಗೆ ಕನೆಕ್ಟ್ ಆಗ್ಲೇ ಇಲ್ಲ, ಇಪ್ಪತ್ತೈದು ನಿಮಿಷ ಹೋಯ್ತು. ಕೊನೆಗೆ ಮೇಡಂ "ಬಿಟ್ಬಿಡಿ ಅದನ್ನ" ಅಂತ ಎದ್ದು ಬಂದು ಬ್ಯಾಗಿಂದ ಎರಡು ಕಟ್ಟು ಪೇಪರ್ ತೆಗೆದ್ರು, ಒಂದು ತಿಳಿ ನೇರಳೆ ಬಣ್ಣ, ಇನ್ನೊಂದು ತಿಳಿ ಕಿತ್ತಳೆಗೆ ಹತ್ರದ ಬಣ್ಣ. ಅಲ್ಲಿ ಓಟಿನ ಚೀಟಿಗಳೇ ಹಾಗಂತೆ. ನೇರಳೆ ಚೀಟಿ ಕ್ಷೇತ್ರದ್ದು, ಅದ್ರಲ್ಲಿ ನಮ್ಮ ಥರಾನೇ ಅಭ್ಯರ್ಥಿ ಹೆಸರು ಇರುತ್ತೆ, ಯಾರಿಗೆ ಜಾಸ್ತಿ ಓಟೋ ಅವ್ರು ಗೆದ್ರು. ಇಂಥ ಕ್ಷೇತ್ರ 73. ಇನ್ನೊಂದು ಚೀಟೀಲಿ ಪಾರ್ಟಿಗೆ ಓಟು. ಇಡೀ ದೇಶಾನ ಎಂಟು ಪ್ರಾಂತ್ಯ ಮಾಡಿ ಪ್ರಾಂತ್ಯಕ್ಕೆ ಏಳರಂತೆ 56 ಸೀಟು ಇಟ್ಟಿದಾರೆ. ಒಟ್ಟು 129, ಮ್ಯಾಜಿಕ್ ನಂಬರ್ 65. 1999ರಲ್ಲಿ ಪಾರ್ಲಿಮೆಂಟ್ ಶುರುವಾದಾಗಿಂದ ಇದೇ ಲೆಕ್ಕ. ನಮ್ಮ ವಿಧಾನಸಭೇಲೇ 224 ಇದೆ ಅಲ್ವಾ, ಅವ್ರ ಇಡೀ ದೇಶದ ಜನಸಂಖ್ಯೆ 55 ಲಕ್ಷದ ಹತ್ರ, ಬೆಂಗಳೂರಿನ ಅರ್ಧಾನೂ ಇಲ್ಲ ಅನ್ನಿ.

2007ರಲ್ಲಿ ಎರಡೂ ಓಟನ್ನ ಒಂದೇ ಹಾಳೇಲಿ ಅಚ್ಚು ಹಾಕಿ ಜನಕ್ಕೆ ಗೊಂದಲ ಆಗಿ ಲಕ್ಷಕ್ಕೂ ಜಾಸ್ತಿ ಓಟು ತಿರಸ್ಕಾರ ಆಗಿತ್ತಂತೆ, ಅದಕ್ಕೇ ಈಗ ಎರಡು ಹಾಳೆ ಎರಡು ಬಣ್ಣ.

ಇಲ್ಲಿಂದ ಮುಂದಿನ ಒಂದು ಗಂಟೆಗೇ ನಾನು ಕೊಟ್ಟ ದುಡ್ಡು ವಸೂಲಾಯ್ತು. ಮೇಡಂ ಎಲ್ರಿಗೂ ಒಂದೊಂದು ಪೆನ್ಸಿಲ್ಲು, ಗೆರೆ ಇಲ್ದಿರೋ ಹಾಳೆ ಕೊಟ್ಟು, "ಮೊಬೈಲ್ ಕ್ಯಾಲ್ಕುಲೇಟರ್ ಬೇಡ, ಕೈಯಲ್ಲೇ ಭಾಗಿಸಿ" ಅಂದ್ರು. ಬೋರ್ಡ್ ಮೇಲೆ 2021ರ ಗ್ಲಾಸ್ಗೋ ಪ್ರಾಂತ್ಯದ ಪಾರ್ಟಿ ಓಟು ಬರೆದ್ರು, ಸಾವಿರಕ್ಕೆ ರೌಂಡ್ ಮಾಡಿ. ಎಸ್‌ಎನ್‌ಪಿ, ಅಂದ್ರೆ ಸ್ವಾತಂತ್ರ್ಯ ಬೇಕು ಅನ್ನೋ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, 1,34,000. ಲೇಬರ್ 74,000. ಕನ್ಸರ್ವೇಟಿವ್ 37,000. ಗ್ರೀನ್ 36,000. ಈಗ ಏಳು ಸೀಟು ಹಂಚಿ ಅಂದ್ರು. ನನ್ನ ಪಕ್ಕ ಕೂತಿದ್ದ ಹುಡುಗ ಕೇಳಿದ ತಕ್ಷಣ ಎಸ್‌ಎನ್‌ಪಿಗೆ ಮೂರು ನಾಲ್ಕು ಬರುತ್ತೆ ಅಂದ, ನಾನೂ ಹಾಗೇ ಅನ್ಕೊಂಡಿದ್ದೆ, ಅರ್ಧದ ಹತ್ರ ಓಟು ಅವ್ರದ್ದೇ ಅಲ್ವಾ. ಆಗ ಮೇಡಂ ಹೇಳಿದ್ರು, ನೇರಳೆ ಚೀಟೀಲಿ ಗ್ಲಾಸ್ಗೋದ 9 ಕ್ಷೇತ್ರಾನೂ ಎಸ್‌ಎನ್‌ಪಿ ಗೆದ್ದಾಗಿದೆ, ಗೆದ್ದಿರೋ ಸೀಟಿಗೆ ಒಂದು ಸೇರ್ಸಿ ಭಾಗಿಸ್ಬೇಕು, ಅಂದ್ರೆ ಹತ್ತರಿಂದ. 1,34,000 ಇದ್ದಿದ್ದು 13,400 ಆಯ್ತು! ಲೇಬರಿಗೆ ಕ್ಷೇತ್ರ ಒಂದೂ ಬಂದಿಲ್ಲ, ಒಂದರಿಂದ ಭಾಗಿಸಿದ್ರೆ 74,000 ಹಾಗೇ ಇರುತ್ತೆ, ಮೊದಲ ಸೀಟು ಅವ್ರಿಗೆ. ಸೀಟು ಸಿಕ್ಕಿದ್ಮೇಲೆ ಅವ್ರನ್ನ ಎರಡರಿಂದ ಭಾಗಿಸು, 37,000, ಅದೂ ಒಂದು ಸೀಟು. ಕನ್ಸರ್ವೇಟಿವ್ ಒಂದು, ಗ್ರೀನ್ ಒಂದು. ಲೇಬರ್ ಮೂರರಿಂದ 24,667, ಇನ್ನೊಂದು. ನಾಲ್ಕರಿಂದ 18,500, ಇನ್ನೂ ಒಂದು. ಕನ್ಸರ್ವೇಟಿವ್ ಎರಡರಿಂದ 18,500, ಏಳನೇದು. ಗ್ರೀನ್ ಎರಡರಿಂದ 18,000, ಅಲ್ಲಿಗೇ ಮುಗೀತು, ಭಾಗಿಸಿದ ಲೆಕ್ಕದಲ್ಲಿ 500ರ ಅಂತರದಲ್ಲಿ ಕೈ ತಪ್ತು.

ಲೇಬರ್ 4, ಕನ್ಸರ್ವೇಟಿವ್ 2, ಗ್ರೀನ್ 1, ಎಸ್‌ಎನ್‌ಪಿ ಸೊನ್ನೆ. ಎಲ್ರ ಹಾಳೇಲೂ ಅದೇ ಬಂದಿತ್ತು. ನಾನು ಎರಡು ಸಲ ಭಾಗಿಸಿ ನೋಡ್ದೆ, ಅಷ್ಟು ಓಟು ತಗೊಂಡೋರಿಗೆ ಸೊನ್ನೆ ಅಂತ ಬರೆಯೋಕೆ ಕೈ ಬರ್ಲಿಲ್ಲ. ಪಕ್ಕದ ಹುಡುಗ "ಇದು ಅನ್ಯಾಯ ಅಲ್ವಾ ಮೇಡಂ" ಅಂತ ನೇರವಾಗೇ ಕೇಳ್ದ. ಮೇಡಂ ತಿರುಗಿಸಿ ಕೇಳಿದ್ರು, "9 ಕ್ಷೇತ್ರದಲ್ಲಿ 9 ಗೆದ್ರಲ್ಲ, ಆಗ ಬೇರೆ ಪಾರ್ಟಿಗೆ ಓಟು ಹಾಕಿದೋರಿಗೆ ಏನು ಸಿಕ್ತು? ಅವ್ರಿಗೂ ಸೇರಿ 16 ಸೀಟು ಎಣಿಸ್ನೋಡಿ." ಎಣಿಸ್ದೆ. 16ರಲ್ಲಿ 9 ಎಸ್‌ಎನ್‌ಪಿ, 7 ಬೇರೆಯೋರು. ಆಮೇಲೆ ನಮ್ಮ 2018ರ ಎಲೆಕ್ಷನ್ ನೆನಪು ಮಾಡಿದ್ರು, ಶೇ. 38 ಓಟು ತಗೊಂಡ ಕಾಂಗ್ರೆಸ್ಸಿಗಿಂತ ಶೇ. 36 ತಗೊಂಡ ಬಿಜೆಪಿಗೇ ಸೀಟು ಜಾಸ್ತಿ ಬಂದು 104 ಆಗಿತ್ತಲ್ಲ, ಅಂಥ ಕಡೆ ಎರಡನೇ ಚೀಟಿ ಇದ್ದಿದ್ರೆ ಏನಾಗ್ತಿತ್ತು ಅಂತ ಯೋಚ್ನೆ ಮಾಡಿ ಅಂದ್ರು. ಕೋಣೆ ಪೂರ್ತಿ ಗುಸುಗುಸು. ಯಾವ ಪಾರ್ಟಿಯೋರು ಇದ್ರೋ ಗೊತ್ತಿಲ್ಲ, ಆದ್ರೆ ಎಲ್ರೂ ಯೋಚ್ನೆಗೆ ಬಿದ್ರು.

ಆ ಪೆನ್ಸಿಲ್ ಲೆಕ್ಕ ಆದ್ಮೇಲೇ 2021ರ ಇಡೀ ಗಲಾಟೆ ನನಗೆ ಅರ್ಥ ಆಗಿದ್ದು. ಆ ವರ್ಷ ಮೇ 6ಕ್ಕೆ ಓಟು. ಕೋವಿಡ್ ಅಂತ ರಾತ್ರಿ ಎಣಿಸದೆ ಶುಕ್ರವಾರ ಶನಿವಾರ ಹಗಲು ಹೊತ್ತಲ್ಲಿ ಎಣಿಸಿದ್ರು. ಎಸ್‌ಎನ್‌ಪಿಗೆ 73 ಕ್ಷೇತ್ರದಲ್ಲಿ 62 ಬಂತು, ಆದ್ರೆ ಪಾರ್ಟಿ ಚೀಟೀಲಿ ಹತ್ತು ಲಕ್ಷಕ್ಕೂ ಮೇಲೆ ಓಟು ತಗೊಂಡು ಸಿಕ್ಕಿದ್ದು ಎರಡೇ ಸೀಟು. 64. ಬಹುಮತಕ್ಕೆ ಒಂದು ಕಮ್ಮಿ! ಕನ್ಸರ್ವೇಟಿವ್ 31, ಲೇಬರ್ 22, ಗ್ರೀನ್ 8, ಲಿಬರಲ್ ಡೆಮಾಕ್ರಾಟ್ 4. ಗ್ರೀನ್ ಪಾರ್ಟಿಯೋರೂ ಸ್ವಾತಂತ್ರ್ಯದ ಪರ, ಹಾಗಾಗಿ ಅವ್ರ ಲೆಕ್ಕ 129ಕ್ಕೆ 72. ಆ ಒಂದು ಸೀಟು ಎಲ್ಲಿ ಹೋಯ್ತು ಅಂತ ಹುಡುಕಿದ್ರೆ ಡಂಬಾರ್ಟನ್ ಅನ್ನೋ ಕ್ಷೇತ್ರ ಸಿಗುತ್ತೆ, ಬ್ರಿಟನ್ನಿನ ಅಣ್ವಸ್ತ್ರ ಸಬ್‌ಮರೀನ್ ನಿಲ್ಲೋ ಫಾಸ್ಲೇನ್ ಇರೋದು ಅಲ್ಲೇ. 2016ರಲ್ಲಿ ಲೇಬರಿನ ಜಾಕಿ ಬೇಲಿ ಬರೀ 109 ಓಟಲ್ಲಿ ಗೆದ್ದಿದ್ರು, 2021ರಲ್ಲಿ ಎಸ್‌ಎನ್‌ಪಿ ತಗೊಂಡೇ ಬಿಡುತ್ತೆ ಅಂತಿದ್ದಾಗ ಅಂತರ ಹೆಚ್ಚಿಸ್ಕೊಂಡು 1,483ರಲ್ಲಿ ಉಳಿಸ್ಕೊಂಡ್ರು.

ರಿಸಲ್ಟ್ ಬಂದ್ಮೇಲೆ ಯಾರ್ಯಾರು ಏನೇನಂದ್ರು ಅನ್ನೋ ಭಾಗ ಪೋಸ್ಟರಲ್ಲಿ ದೊಡ್ಡದಾಗಿ ಹಾಕಿದ್ರು, ವಿಡಿಯೋ ತೋರಿಸ್ತೀವಿ ಅಂದಿದ್ರು, ಪ್ರೊಜೆಕ್ಟರ್ ಇಲ್ದೆ ಅದು ಬಾಯಿ ಮಾತಲ್ಲೇ ಆಯ್ತು. ಆದ್ರೂ ಮೇಡಂ ಚೆನ್ನಾಗಿ ಹೇಳಿದ್ರು. ನಿಕೋಲಾ ಸ್ಟರ್ಜನ್ ಆಗ ಫಸ್ಟ್ ಮಿನಿಸ್ಟರ್, ಅಲ್ಲಿ ಮುಖ್ಯಮಂತ್ರಿಗೆ ಹಾಗನ್ನೋದು, ಅವ್ರು ಪ್ರಧಾನಿ ಬೋರಿಸ್ ಜಾನ್ಸನ್ನಿಗೆ ಫೋನಲ್ಲಿ ಹೇಳಿದ್ದು ಇಷ್ಟು, ಇನ್ನೊಂದು ರೆಫರೆಂಡಂ ಆಗುತ್ತೋ ಇಲ್ವೋ ಅನ್ನೋ ಪ್ರಶ್ನೆ ಮುಗೀತು, ಯಾವಾಗ ಅನ್ನೋದು ಮಾತ್ರ ಉಳಿದಿದೆ. ಜಾನ್ಸನ್ ಈ ಹೊತ್ತಲ್ಲಿ ರೆಫರೆಂಡಂ ಮಾತಾಡೋದೇ ಬೇಜವಾಬ್ದಾರಿ ಅಂತಂದು, ಕೋವಿಡ್‌ನಿಂದ ಎದ್ದೇಳೋದ್ರ ಬಗ್ಗೆ ಕೂತು ಮಾತಾಡೋಣ ಬನ್ನಿ ಅಂತ ಬ್ರಿಟನ್ನಿನೊಳಗಿನ ಎಲ್ಲ ಸರ್ಕಾರಗಳ ಮುಖ್ಯಸ್ಥರಿಗೂ ಕಾಗದ ಬರೆದ್ರು. ಕನ್ಸರ್ವೇಟಿವ್‌ನೋರು 64 ತೋರ್ಸಿ ಬಹುಮತ ಇಲ್ಲ ಅಂದ್ರು, ಎಸ್‌ಎನ್‌ಪಿಯೋರು 72 ತೋರ್ಸಿ ಬಹುಮತ ಇದೆ ಅಂದ್ರು.

ಇನ್ನೊಂದು ವಿಷ್ಯ ಕೇಳಿ ನಾನು ಪೆನ್ಸಿಲ್ ಕೆಳಗಿಟ್ಬಿಟ್ಟೆ. ನೇರಳೆ ಚೀಟೀಲಿ ಸ್ವಾತಂತ್ರ್ಯದ ಪರ ಇರೋ ಪಾರ್ಟಿಗಳಿಗೆ ಬಿದ್ದ ಓಟು ಎಲ್ಲ ಸೇರ್ಸಿದ್ರೆ ಶೇ. 49ರ ಹತ್ರ. ಅದೇ ದಿನ, ಅದೇ ಜನ, ಅದೇ ಬೂತಲ್ಲಿ ಹಾಕಿದ ಇನ್ನೊಂದು ಚೀಟಿ ಕೂಡ್ಸಿದ್ರೆ 50ನ್ನ ಕೂದಲೆಳೆ ದಾಟುತ್ತೆ, ಎಸ್‌ಎನ್‌ಪಿ 40.3, ಗ್ರೀನ್ 8.1, ಎಸ್‌ಎನ್‌ಪಿಯ ಹಳೇ ನಾಯಕ ಅಲೆಕ್ಸ್ ಸಾಲ್ಮಂಡ್ ಮುನ್ನಡೆಸ್ತಿದ್ದ ಹೊಸ ಆಲ್ಬಾ ಪಾರ್ಟಿ 1.7. ಒಂದು ಬಣ್ಣದ ಹಾಳೆ ಹಿಡ್ಕೊಂಡ್ರೆ ಜನ ಬೇಡ ಅಂದ್ರು ಅನ್ಬಹುದು, ಇನ್ನೊಂದು ಬಣ್ಣದ್ದು ಹಿಡ್ಕೊಂಡ್ರೆ ಬೇಕು ಅಂದ್ರು ಅನ್ಬಹುದು, ಎರಡೂ ಸುಳ್ಳಲ್ಲ. ಮೇಡಂ ಎರಡು ಕೈಯಲ್ಲೂ ಒಂದೊಂದು ಚೀಟಿ ಎತ್ತಿ ಹಿಡಿದು ಸುಮ್ನೆ ನಿಂತ್ರು. ನನಗೆ ಆಗ ನನ್ನ ತಮ್ಮನ ಮನೆ ಕಣ್ಮುಂದೆ ಬಂತು, ಊಟದ ಟೇಬಲ್ಲಿನ ಆ ಕಡೆ ಅವ್ನು, ಈ ಕಡೆ ಅವ್ಳು.

ಹಳೇ ಕಥೆ ಕೂಡ ಹೇಳಿದ್ರು. 1707ರಲ್ಲಿ ಇಂಗ್ಲೆಂಡಿನ ಜೊತೆ ಸೇರಿದ್ದು ಎಲ್ಲ ಓಡಿಸ್ಕೊಂಡು ಹೋದ್ರು, ಅದ್ರಲ್ಲಿ ತಪ್ಪಿಲ್ಲ, ಆದ್ರೆ 1979 ಮಾತ್ರ ನಿಲ್ಸಿ ಹೇಳಿದ್ರು. ಆಗ ಕೇಳಿದ್ದು ಸ್ವಾತಂತ್ರ್ಯ ಕೂಡ ಅಲ್ಲ, ಎಡಿನ್‌ಬರದಲ್ಲಿ ಒಂದು ಅಸೆಂಬ್ಲಿ ಬೇಕಾ ಅಂತಷ್ಟೇ. ಓಟು ಹಾಕಿದೋರಲ್ಲಿ ಶೇ. 51.6 ಬೇಕು ಅಂದ್ರು, ಗೆದ್ದಂಗೇ ಅಲ್ವಾ? ಆದ್ರೆ ಪಟ್ಟೀಲಿರೋ ಎಲ್ಲ ಮತದಾರರಲ್ಲಿ ಶೇ. 40 ಜನ ಬೇಕು ಅನ್ಬೇಕು ಅಂತ ಒಂದು ಷರತ್ತು ಹಾಕಿದ್ರು, ಆ ಲೆಕ್ಕದಲ್ಲಿ 32.9 ಆಯ್ತು. ಮನೇಲಿ ಕೂತೋರೆಲ್ಲ ಬೇಡ ಅಂದಂಗಾಯ್ತು. ಮತ್ತೆ ಕೇಳೋಕೆ ಹದಿನೆಂಟು ವರ್ಷ ಬೇಕಾಯ್ತು, 1997ರಲ್ಲಿ ಶೇ. 74.3 ಜನ ಪಾರ್ಲಿಮೆಂಟ್ ಬೇಕು ಅಂದ್ರು. ನನ್ನ ಎದುರಿಗೆ ಕೂತಿದ್ದ ಹಿರಿಯರೊಬ್ರು, ಎಪ್ಪತ್ತು ದಾಟಿರ್ಬಹುದು, ಇದನ್ನ ಕೇಳಿ "ನಮ್ಮ ತಂದೆ ಏಕೀಕರಣದ ದಿನಗಳ ಬಗ್ಗೆ ಹೇಳೋರು, ಐದು ಆಡಳಿತದಲ್ಲಿ ಹಂಚಿಹೋಗಿದ್ದ ಕನ್ನಡದೋರು 1956ರಲ್ಲಿ ಒಂದಾದ್ವಿ, ನಮಗೆ ಕೂಡೋದೇ ಕನಸಾಗಿತ್ತು, ಅವ್ರಿಗೆ ಬೇರೆಯಾಗೋದು ಕನಸು" ಅಂದ್ರು. ಮೇಡಂ ಅದಕ್ಕೆ ಏನೂ ಸೇರಿಸ್ಲಿಲ್ಲ. ಸೇರಿಸ್ದೇ ಇದ್ದಿದ್ದೇ ಸರಿ ಅನ್ನಿಸ್ತು ನನಗೆ.

2014ರದ್ದು ಬಂದಾಗ ನಾನು ನೆಟ್ಟಗೆ ಕೂತ್ಕೊಂಡೆ. ಬೇಕು ಶೇ. 44.7, ಬೇಡ ಶೇ. 55.3. ಓಟು ಹಾಕಿದೋರು ಶೇ. 84.6, ನಮ್ಮ ಬೆಂಗಳೂರಿನ ಬೂತುಗಳಲ್ಲಿ ಅಂಥ ನಂಬರ್ ನಾನಂತೂ ನೋಡಿಲ್ಲ. 32 ಕೌನ್ಸಿಲ್ ಪ್ರದೇಶದಲ್ಲಿ ನಾಲ್ಕರಲ್ಲಿ ಮಾತ್ರ ಬೇಕು ಗೆದ್ದಿದ್ದು, ಗ್ಲಾಸ್ಗೋ, ಡಂಡೀ, ವೆಸ್ಟ್ ಡನ್‌ಬಾರ್ಟನ್‌ಶೈರ್, ನಾರ್ತ್ ಲ್ಯಾನಾರ್ಕ್‌ಶೈರ್. ತಮ್ಮ ಇರೋ ಎಡಿನ್‌ಬರ ಬೇಡ ಅಂತು. ಮುಂದೆ 2016ರಲ್ಲಿ ಬ್ರೆಕ್ಸಿಟ್ ಓಟಲ್ಲಿ ಸ್ಕಾಟ್ಲೆಂಡಿನ ಶೇ. 62 ಜನ ಯುರೋಪ್ ಜೊತೆಗೇ ಇರೋಣ ಅಂದ್ರೂ ಹೊರಗೆ ಬರ್ಬೇಕಾಯ್ತು, ಅಲ್ಲಿಂದ ಮುಗಿದ ಮಾತು ಮತ್ತೆ ಶುರುವಾಯ್ತು. ತಮ್ಮನ ಹೆಂಡ್ತಿ ಆಗ ಏನಂದ್ಲು ಅನ್ನೋದು ನನಗೆ ನೆನಪಿದೆ, "ಬ್ರಿಟನ್ ಜೊತೆ ಇದ್ರೆ ತಾನೇ ಯುರೋಪ್ ಉಳಿಯೋದು ಅಂದಿದ್ರು, ಅದ್ಕೇ ನಾನು ಬೇಡ ಅಂತ ಹಾಕಿದ್ದು" ಅಂತ ನನ್ನ ಹತ್ರ ಹೇಳ್ಕೊಂಡಿದ್ಲು.

ದುಡ್ಡಿನ ವಿಷ್ಯಕ್ಕೆ ಬಂದಾಗ ಕೋಣೆ ಕಾವೇರ್ತು. ಒಬ್ರು ಎದ್ದು ನಿಂತು, ನಮ್ಮ ಕಥೆನೇ ಅವ್ರದ್ದೂ, ನಾವು ತೆರಿಗೆ ಕಟ್ಟೋದು ಜಾಸ್ತಿ ವಾಪಸ್ ಬರೋದು ಕಮ್ಮಿ, 15ನೇ ಹಣಕಾಸು ಆಯೋಗದಲ್ಲಿ ಕರ್ನಾಟಕದ ಪಾಲು 4.713ರಿಂದ 3.647ಕ್ಕೆ ಇಳೀತು, ಸ್ಕಾಟ್ಲೆಂಡಿಗೂ ಹಿಂಗೇ ಮಾಡ್ತಿದಾರೆ ಅಂತ ಜೋರಾಗಿ ಹೇಳಿದ್ರು, ಚಪ್ಪಾಳೆನೂ ಬಿತ್ತು. ನಮ್ಮ ಪಾಲಿನ ಸಂಕಟ ನನಗೂ ಇದೆ, ಆದ್ರೆ ಮೇಡಂ ಅಲ್ಲಿ ಲೆಕ್ಕ ಉಲ್ಟಾ ಅಂದ್ರು. ಬಾರ್ನೆಟ್ ಫಾರ್ಮುಲಾ ಅಂತ ಒಂದಿದೆ, ಅದ್ರ ಪ್ರಕಾರ ಲಂಡನ್ನಿಂದ ದುಡ್ಡು ಬರುತ್ತೆ, ತಲಾ ಸರ್ಕಾರಿ ಖರ್ಚು ಸ್ಕಾಟ್ಲೆಂಡಲ್ಲಿ ಬ್ರಿಟನ್ ಸರಾಸರಿಗಿಂತ ಜಾಸ್ತಿನೇ ಇದೆ. ಬೇಡ ಅನ್ನೋರು ಇದನ್ನೇ ಹಿಡ್ಕೊಂಡು, ಬೇರೆಯಾದ್ರೆ ಈ ದುಡ್ಡಿನ ಕೊರತೆ ತುಂಬೋರು ಯಾರು, ಯಾವ ಕರೆನ್ಸಿ ಇಟ್ಕೋತೀರಿ ಅಂತ ಕೇಳ್ತಾರೆ. 2014ರಲ್ಲೂ ಪೌಂಡ್ ಹಂಚ್ಕೊಳ್ಳಲ್ಲ ಅಂತ ಲಂಡನ್ ಹೇಳಿದ್ದು ದೊಡ್ಡ ಏಟು ಕೊಡ್ತು. ಬೇಕು ಅನ್ನೋರು, ಈ ಲೆಕ್ಕ ಎಲ್ಲ ಈಗಿರೋ ವ್ಯವಸ್ಥೇದು, ನಾರ್ತ್ ಸೀ ಎಣ್ಣೆ ದುಡ್ಡು ಎಪ್ಪತ್ತರ ದಶಕದಿಂದ ಎಲ್ಲಿಗೆ ಹೋಯ್ತು, ನಮ್ಮ ಕೈಲಿ ಬೀಗದ ಕೈ ಕೊಟ್ರೆ ನಾವು ಬೇರೆ ಥರ ಮನೆ ನಡೆಸ್ತೀವಿ ಅಂತಾರೆ. ಈ ಭಾಗಕ್ಕೆ ಕೊಟ್ಟಿದ್ದು ಬರೀ ಇಪ್ಪತ್ತು ನಿಮಿಷ, ಅದೂ ಆ ಮಹಾಶಯರು ಮೂರು ಸಲ ಎದ್ದು ನಿಂತು ಅರ್ಧ ತಿಂದ್ಬಿಟ್ರು. ನಡೆಸೋರು ಅವ್ರನ್ನ ಕೂರಿಸ್ಬೇಕಿತ್ತು, ಕೂರಿಸ್ಲಿಲ್ಲ. ನನಗೆ ನಿಜಕ್ಕೂ ಬೇಜಾರಾಯ್ತು.

ಹಾಗಾದ್ರೆ ಯಾಕೆ ಮತ್ತೆ ಓಟು ಹಾಕಿಸ್ತಿಲ್ಲ? ಇದನ್ನ ನಾನೇ ಕೇಳ್ದೆ. ಉತ್ತರ ಇದು. 2011ರಲ್ಲಿ ಎಸ್‌ಎನ್‌ಪಿಗೆ 69 ಬಂತು, ನಮ್ಮ ಪೆನ್ಸಿಲ್ ಲೆಕ್ಕ ಇದೆಯಲ್ಲ, ಅದ್ರಲ್ಲಿ ಒಂದೇ ಪಾರ್ಟಿಗೆ ಬಹುಮತ ಬರೋದೇ ಕಷ್ಟ ಅಂತ ಎಲ್ರೂ ನಂಬಿದ್ರು, ಆದ್ರೂ ಬಂತು. ಆ ಬಲದ ಮೇಲೆ 2012 ಅಕ್ಟೋಬರಲ್ಲಿ ಆಗ ಫಸ್ಟ್ ಮಿನಿಸ್ಟರ್ ಆಗಿದ್ದ ಸಾಲ್ಮಂಡ್ ಮತ್ತೆ ಪ್ರಧಾನಿ ಡೇವಿಡ್ ಕ್ಯಾಮರಾನ್ ಎಡಿನ್‌ಬರದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ರು, ಲಂಡನ್ ತನ್ನ ಅಧಿಕಾರಾನ ತಾತ್ಕಾಲಿಕವಾಗಿ ಸ್ಕಾಟಿಷ್ ಪಾರ್ಲಿಮೆಂಟಿಗೆ ಕೊಡ್ತು. 2021ರ 64ಕ್ಕೆ ಲಂಡನ್ ಆ ಮರ್ಯಾದೆ ಕೊಡ್ಲಿಲ್ಲ. ಒಪ್ಪಿಗೆ ಇಲ್ದೆ ನಾವೇ ನಡೆಸ್ಬಹುದಾ ಅಂತ ಕೋರ್ಟಿಗೆ ಹೋದ್ರು, 2022 ನವೆಂಬರ್ 23ಕ್ಕೆ ಬ್ರಿಟನ್ ಸುಪ್ರೀಂ ಕೋರ್ಟಿನ ಐದೂ ನ್ಯಾಯಾಧೀಶರು ಒಮ್ಮತದಿಂದ ಆಗಲ್ಲ ಅಂದ್ರು. ಆಮೇಲೆ ಪಾರ್ಟಿಗೆ ಕೆಟ್ಟ ದಿನ. 2023ರಲ್ಲಿ ಸ್ಟರ್ಜನ್ ಇಳಿದ್ರು, ಹಂಜಾ ಯೂಸಫ್ ಬಂದು ಒಂದು ವರ್ಷ ಚಿಲ್ರೆಗೆ ಹೋದ್ರು, 2024 ಮೇಯಿಂದ ಜಾನ್ ಸ್ವಿನ್ನಿ. ಅದೇ ಜುಲೈನ ಬ್ರಿಟನ್ ಎಲೆಕ್ಷನ್ನಲ್ಲಿ 2019ರಲ್ಲಿ 48 ಗೆದ್ದಿದ್ದ ಎಸ್‌ಎನ್‌ಪಿ ಎಂಪಿಗಳು 9ಕ್ಕೆ ಬಿದ್ರು. ಹಂಗಂತ ಸ್ವಾತಂತ್ರ್ಯ ಬೇಕು ಅನ್ನೋರು ಅದೇ ಲೆಕ್ಕದಲ್ಲಿ ಕಮ್ಮಿಯಾದ್ರಾ ಅಂದ್ರೆ ಇಲ್ಲ, ಸರ್ವೆಗಳಲ್ಲಿ ಈಗ್ಲೂ ಅರ್ಧಕ್ಕರ್ಧದ ಹತ್ರಾನೇ ಇದೆ. ಪಾರ್ಟಿ ಮೇಲಿನ ಸಿಟ್ಟು ಬೇರೆ, ಆಸೆ ಬೇರೆ. ಸ್ವಿನ್ನಿ ಈಗ 2011ನ್ನೇ ಮುಂದಿಟ್ಟು, ಬರೋ ಎಲೆಕ್ಷನ್ನಲ್ಲಿ ನಮ್ಮೊಬ್ರಿಗೇ 65 ಕೊಡಿ, ಆವತ್ತು ಒಪ್ಪಿದೋರು ಈವತ್ತೂ ಒಪ್ಲೇಬೇಕು ಅಂತಿದಾರೆ.

ಒಬ್ಬ ಹುಡುಗಿ ನಮ್ಮ ದೇಶದಲ್ಲಿ ಹಿಂಗೆ ಕೇಳೋಕಾಗುತ್ತಾ ಅಂದ್ಲು. ಮೇಡಂ ಎರಡೇ ವಾಕ್ಯದಲ್ಲಿ ಮುಗಿಸಿದ್ರು. ನಮ್ಮ ಸಂವಿಧಾನದಲ್ಲಿ ರಾಜ್ಯಗಳಿಗೆ ಬಿಟ್ಟು ಹೋಗೋ ದಾರಿ ಇಲ್ಲ, 1963ರ 16ನೇ ತಿದ್ದುಪಡಿ ಆದ್ಮೇಲೆ ಎಲೆಕ್ಷನ್ನಿಗೆ ನಿಲ್ಲೋರೂ ದೇಶದ ಅಖಂಡತೆ ಕಾಪಾಡ್ತೀವಿ ಅಂತ ಪ್ರಮಾಣ ಮಾಡ್ಬೇಕು. ಬ್ರಿಟನ್ನು ಹಾಗಲ್ಲ, ಸ್ಕಾಟ್ಲೆಂಡ್ ಒಂದು ರಾಷ್ಟ್ರ ಅಂತಾನೇ ಒಪ್ಕೊಂಡು ಜಗಳ ಆಡುತ್ತೆ.

ಪ್ರಮಾಣ ಅಂದ್ರೆ ನೆನಪಾಯ್ತು, ನನಗೆ ತುಂಬ ಇಷ್ಟ ಆದ ವಿಷ್ಯ. ಅಲ್ಲಿ ಗೆದ್ದೋರು ಇಂಗ್ಲಿಷಲ್ಲಿ ಪ್ರಮಾಣ ಮಾಡಿದ್ಮೇಲೆ ತಮ್ಮ ಭಾಷೇಲೂ ಮಾಡ್ಬಹುದು. ಗೇಲಿಕ್, ಸ್ಕಾಟ್ಸ್, ಯಾವ್ದಾದ್ರೂ ಸರಿ. 2016ರಲ್ಲಿ ಹಂಜಾ ಯೂಸಫ್ ಸ್ಕಾಟ್ಲೆಂಡಿನ ಕಿಲ್ಟ್ ಉಟ್ಟು ಮೇಲೆ ಶೇರ್ವಾನಿ ಹಾಕಿ ಉರ್ದುವಲ್ಲಿ ಮಾಡಿದ್ರು. ಗೇಲಿಕ್ ಮಾತಾಡೋರು ಉಳಿದಿರೋದೇ ಕೆಲವು ಹತ್ತು ಸಾವಿರ ಜನ, ಆದ್ರೂ ರಸ್ತೆ ಬೋರ್ಡಲ್ಲಿ, ರೈಲ್ವೆ ಸ್ಟೇಷನ್ನಲ್ಲಿ ಗೇಲಿಕ್ ಇದೆ ಅಂತ ಮೇಡಂ ಹೇಳಿದಾಗ, ಬೋರ್ಡಿಗೆ ಕನ್ನಡ ಹಾಕ್ಸೋಕೆ ಇಷ್ಟು ಒದ್ದಾಡೋ ಊರಿನೋರು ನಾವೆಲ್ಲ ಒಬ್ರ ಮುಖ ಒಬ್ರು ನೋಡ್ಕೊಂಡ್ವಿ.

ಈಗ ದೂರು. ಕ್ಲಾಸ್ ಕನ್ನಡ, ಆದ್ರೆ ಕೈಗೆ ಕೊಟ್ಟ ಆರು ಪುಟದ ನೋಟ್ಸ್ ಪೂರ್ತಿ ಇಂಗ್ಲಿಷು. ಇದು ನನಗೆ ನೋವಾಯ್ತು, ಯಾಕಂದ್ರೆ ಅಷ್ಟು ಕಷ್ಟದ ಲೆಕ್ಕಾನ ಮೇಡಂ ಎಂಥ ಸೊಗಸಾದ ಕನ್ನಡದಲ್ಲಿ ಹೇಳಿದ್ರು, ಅದನ್ನೇ ಎರಡು ಪುಟ ಬರೆದು ಜೆರಾಕ್ಸ್ ಮಾಡಿದ್ರೂ ನಾನು ಅಪ್ಪಂಗೆ ತಂದು ಕೊಡ್ತಿದ್ದೆ. ರೆಕಾರ್ಡಿಂಗ್ ಲಿಂಕ್ ಎರಡು ದಿನದಲ್ಲಿ ಕಳಿಸ್ತೀವಿ ಅಂದ್ರು, ಈ ರಿವ್ಯೂ ಬರೆಯೋವರೆಗೂ ಬಂದಿಲ್ಲ, ಎರಡು ಸಲ ಮೆಸೇಜ್ ಹಾಕ್ದೆ, ನೋಡಿದಾರೆ ಉತ್ತರ ಇಲ್ಲ. ಪ್ಲಾಸ್ಟಿಕ್ ಕುರ್ಚೀಲಿ ಮೂರು ಗಂಟೆ ಕೂತ್ರೆ ಸೊಂಟ ಹಿಡ್ಕೊಳುತ್ತೆ, ಏಕೀಕರಣದ ಮಾತು ಹೇಳಿದ ಹಿರಿಯರು ಮೆಟ್ಟಿಲು ಇಳಿಯೋಕೆ ಇಬ್ರು ಕೈ ಹಿಡೀಬೇಕಾಯ್ತು. ಪ್ರೊಜೆಕ್ಟರನ್ನ ಅರ್ಧ ಗಂಟೆ ಮುಂಚೆ ಚೆಕ್ ಮಾಡ್ಬಹುದಿತ್ತು. ಈ ನಾಲ್ಕಕ್ಕೂ ಸೇರಿ ಒಂದು ಸ್ಟಾರ್ ಹೋಯ್ತು. ಮಧ್ಯೆ ಕೊಟ್ಟ ಫಿಲ್ಟರ್ ಕಾಫಿ ಚೆನ್ನಾಗಿತ್ತು, ಜೊತೆಗೆ ಕೋಡುಬಳೆ, ಬಿಸಿ ಇತ್ತು, ಅದಕ್ಕೆ ಏನೂ ಹೇಳಂಗಿಲ್ಲ.

400 ಜಾಸ್ತಿಯಾ ಅಂತ ಕೇಳಿದ್ರೆ, ಇಲ್ಲ. ಸುಮ್ನೆ ವಿಡಿಯೋ ನೋಡ್ಕೊಂಡು ತಿಳ್ಕೋಬಹುದು ಅನ್ನೋರಿಗೆ ನಾನು ಹೇಳೋದು, ನಾನೂ ನೋಡಿದ್ದೆ, ನಾಲ್ಕೈದು ನೋಡಿದ್ದೆ, ತಲೆಗೆ ಹೋಗಿರ್ಲಿಲ್ಲ. ಕೈಯಾರೆ ಭಾಗಿಸಿದ್ಮೇಲೆ ಹೋಯ್ತು. ಎಲೆಕ್ಷನ್ ಅಂದ್ರೆ ಆಸಕ್ತಿ ಇರೋ ಕಾಲೇಜ್ ಮಕ್ಕಳನ್ನ ಕಳಿಸಿ, ಅಲ್ಲಿ ಮಕ್ಕಳು ಮೊಮ್ಮಕ್ಕಳು ಇರೋ ಹಿರಿಯರು ಮೆಟ್ಟಿಲು ಹತ್ತೋಕಾಗುತ್ತೆ ಅಂದ್ರೆ ಹೋಗಿ. ಏಪ್ರಿಲ್‌ನಲ್ಲಿ ಇನ್ನೊಂದು ಸಲ ಇದೆಯಂತೆ, ನಾನು ಅಪ್ಪನ್ನೂ ಕರ್ಕೊಂಡು ಹೋಗ್ಬೇಕು ಅಂತಿದೀನಿ, ಕೆಳಗಿನ ಮಹಡೀಲಿ ಮಾಡ್ತೀರಾ ಅಂತ ಕೇಳಿದೀನಿ.

ಮನೆಗೆ ಬಂದು ರಾತ್ರಿನೇ ಎಡಿನ್‌ಬರಕ್ಕೆ ಕಾಲ್ ಮಾಡ್ದೆ. ಅಲ್ಲಿ ಸಂಜೆ ಐದೂವರೆ, ಆಗ್ಲೇ ಕತ್ತಲಾಗಿತ್ತು. ಹುಡುಗಿಗೆ ಯಾರಿಗೆ ಹಾಕು ಅಂತ ನಾನು ಹೇಳ್ಲಿಲ್ಲ, ಅದು ಅವ್ಳದ್ದು. ನನ್ನ ಹಾಳೇನ ಕ್ಯಾಮರಾ ಮುಂದೆ ಹಿಡಿದು, ಒಂದೊಂದೇ ಸಾಲು ಓದ್ದೆ, ಅವ್ಳು ತನ್ನ ಹಾಳೇಲಿ ಭಾಗಿಸ್ತಾ ಬಂದ್ಲು. ಏಳನೇ ಸೀಟಿಗೆ ಬಂದಾಗ "ಅತ್ತೆ, ಐನೂರೇ ಅಂತರ!" ಅಂದ್ಲು. ಹಿಂದೆ ಪಾತ್ರೆ ತೊಳೀತಿದ್ದ ತಮ್ಮ ನಲ್ಲಿ ನಿಲ್ಲಿಸಿ ಕೈ ಒರಸ್ಕೊಂಡು ಬಂದು ಅವ್ಳ ಪಕ್ಕ ಕೂತ, ಅವ್ನ ಹೆಂಡ್ತಿನೂ ಬಂದು ಕೂತ್ಲು. "ಅಕ್ಕ, ಇನ್ನೊಂದ್ಸಲ ಮೊದ್ಲಿಂದ ಓದು" ಅಂದ.